ಮೂರನೇ ಕಾಲಿನ ಮಹನೀಯರು

ಹಳೆಯ ಫೋಟೋದಲ್ಲಿ ಅಜ್ಜಂದಿರು ನಗದಿರಲು ಕಾರಣ ಆಗಿನ ನಿಧಾನದ ಕ್ಯಾಮರಾ ಎಂದು ಯಾರಾದರೂ ಪಾಠ ಹೇಳಿದರೆ ಸುಮ್ಮನೆ ತಲೆಯಾಡಿಸಬೇಡಿ. "ಯಾವ ಕಾಲದ ಅಜ್ಜ, ಸ್ವಾಮಿ?" ಎಂದು ಕೇಳಿ. 1839ರಲ್ಲಿ ದಾಗೆರ್‌ನ ಫೋಟೋ ತೆಗೆಯುವ ವಿಧಾನ ಹೊರಬಿದ್ದ ಹೊಸತರಲ್ಲಾದರೆ ಮಾತು ಸರಿ. ಬಿಸಿಲಿಗೆ ಮುಖವೊಡ್ಡಿ ನಿಮಿಷಗಟ್ಟಲೆ ಅಲುಗದೆ ಕೂರಬೇಕಿತ್ತು. ತಲೆ ವಾಲದಿರಲೆಂದು ಹಿಂದೆ ಕಬ್ಬಿಣದ ಕವೆಗೋಲು ನಿಲ್ಲಿಸುತ್ತಿದ್ದರು. ಯೂರೋಪಿನ ಎಷ್ಟೋ ಸ್ಟುಡಿಯೋ ಚಿತ್ರಗಳಲ್ಲಿ ಸಾಹೇಬರ ಎರಡು ಬೂಟುಗಳ ಹಿಂದಿನಿಂದ ಅದರ ಪಾದವೂ ಇಣುಕುತ್ತದೆ. ಅದನ್ನು ಕಂಡ ಈಗಿನ ಕೆಲವರು, "ಇದು ಹೆಣ, ಕಂಬಿಗೆ ಕಟ್ಟಿ ನಿಲ್ಲಿಸಿದ್ದಾರೆ" ಎಂದು ಹೆದರಿಸುತ್ತಾರೆ. ಪಾಪ, ಫೋಟೋ ತೆಗೆಸಿಕೊಂಡು ಮನೆಗೆ ಹೋಗಿ ಉಂಡು ಮಲಗಿದ ಮನುಷ್ಯ! ಆ ಬಡಕಲು ಸ್ಟ್ಯಾಂಡಿಗೆ ಹೆಣ ಹೊರುವ ತಾಕತ್ತಾದರೂ ಎಲ್ಲಿಂದ ಬರಬೇಕು?

ಕೂಸುಗಳದು ಇನ್ನೂ ಮಜ. ಹಿಡಿದುಕೊಳ್ಳಲು ತಾಯಿ ಬೇಕು, ಚಿತ್ರದಲ್ಲಿ ತಾಯಿ ಬೇಡ. ಆಕೆಗೆ ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದಿಸಿ ಕುರ್ಚಿಯನ್ನಾಗಿಸುತ್ತಿದ್ದರು!

1880ರ ದಶಕದಲ್ಲಿ ಬೇಗ ಚಿತ್ರ ಹಿಡಿಯುವ ಒಣ ಪ್ಲೇಟು ಬಳಕೆಗೆ ಬಂದ ಮೇಲೆ ಅಷ್ಟು ಹೊತ್ತು ಉಸಿರು ಬಿಗಿಹಿಡಿಯುವ ಕಷ್ಟ ತಪ್ಪಿತು. ಮುಖದ ಬಿಗಿ ಮಾತ್ರ ಸಡಿಲಲಿಲ್ಲ. ನಮ್ಮ ಪೇಟದ ಅಜ್ಜಂದಿರು 1930ರಲ್ಲೂ ಕ್ಯಾಮರಾವನ್ನು ಸಾಲಗಾರನನ್ನು ನೋಡುವಂತೆಯೇ ನೋಡುತ್ತಿದ್ದರು. ಪಟ ಹೋಗಿ ಸೇರುವುದು ನಡುಮನೆಯ ಗೋಡೆಗೆ, ರವಿವರ್ಮನ ಲಕ್ಷ್ಮಿ ಸರಸ್ವತಿಯರ ಪಕ್ಕಕ್ಕೆ. ಅಲ್ಲಿ ಹಲ್ಲು ಕಿರಿಯಲಾದೀತೆ?

ಇನ್ನು ಸರಂಜಾಮು. ಕೈಯಲ್ಲಿ ದಪ್ಪ ಪುಸ್ತಕವಿದ್ದರೆ ವಿದ್ಯಾವಂತ. ಕೋಟಿನ ಮೇಲೆ ಗಡಿಯಾರದ ಚೈನು ಇಳಿಬಿದ್ದಿದ್ದರೆ ಉದ್ಯೋಗಸ್ಥ. ಹಿಂದಿನ ಪರದೆಯಲ್ಲಿ ಕಂಬ, ಮೆಟ್ಟಿಲು ಬರೆದಿದ್ದರೆ ಬಂಗಲೆಯವನು. ಎಷ್ಟೋ ಸಲ ಎಲ್ಲವೂ ಸ್ಟುಡಿಯೋದವನದೇ, ಗಿರಾಕಿಯದು ಮೀಸೆಯೊಂದೇ. ಈ ಕಂಬದ ಶೋಕಿ ಹಬ್ಬಿದ್ದು ಯೂರೋಪಿನಲ್ಲಿ. 1854ರಲ್ಲಿ ಪ್ಯಾರಿಸ್ಸಿನ ಫೋಟೋಗ್ರಾಫರ್ ದಿಸ್ದೇರಿ ಅಗ್ಗದ ಕಾರ್ಡುಚಿತ್ರಕ್ಕೆ ಪೇಟೆಂಟ್ ಪಡೆದ. ಮುಂದೆ ಅಂಗಡಿಯವನೂ ಅರಮನೆಯ ಕಂಬಕ್ಕೆ ಒರಗತೊಡಗಿದ. ಕಲ್ಲುಕಂಬ ರತ್ನಗಂಬಳಿಯ ಮೇಲೆ ನಿಲ್ಲುವುದುಂಟೇ ಎಂದು ಆ ಕಾಲದವರೇ ಗೇಲಿ ಮಾಡಿದರು. ಕಂಬ ಕದಲಲಿಲ್ಲ.

ದಂಪತಿಗಳ ಪಟದಲ್ಲಿ ಯಜಮಾನರು ಕುರ್ಚಿಯಲ್ಲಿ. ಹೆಂಡತಿ ಪಕ್ಕದಲ್ಲಿ, ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿರುತ್ತಾಳೆ. ಗಂಡನ ಅಧಿಕಾರದ ಗುರುತದು ಎನ್ನುತ್ತಾರೆ ಪಂಡಿತರು. ಇರಬಹುದು. ಆದರೆ ಜರಿಸೀರೆಯ ಸೆರಗಿನಿಂದ ಅಂಚಿನವರೆಗೆ ಪೂರ್ತಿ ಕಾಣಬೇಕಾದರೆ ನಿಲ್ಲಲೇಬೇಕು. ಕುಳಿತವರಿಗೆ ಅದು ಹೊಳೆದಿರಲಿಕ್ಕಿಲ್ಲ.