ಸೂಚನೆ ನಮ್ಮದು, ಸೊಂಟ ನಿಮ್ಮದು

ಮೊಣಕಾಲು ಮಡಚಿ ಕೂರಬೇಕು, ಬೆನ್ನು ನೇರ ಇರಬೇಕು, ಮೂಟೆಯನ್ನು ಎದೆಗೆ ಅವಚಿಕೊಳ್ಳಬೇಕು, ಎತ್ತಿದ ಮೇಲೆ ಸೊಂಟ ತಿರುಗಿಸಬಾರದು. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನ ಬಂತೆಂದರೆ ಬ್ಯಾನರ್ ಕಟ್ಟಿ ಹೇಳುವ ಮಾತಿದು. ಸಲಹೆಯಲ್ಲಿ ತಪ್ಪೇನಿಲ್ಲ. ಹೇಳುವವರ ಕೈಯಲ್ಲಿ ಮೈಕು, ಕೇಳುವವರ ಹೆಗಲ ಮೇಲೆ 50 ಕಿಲೋ ಸಿಮೆಂಟು, ಅಷ್ಟೇ ವ್ಯತ್ಯಾಸ.

ಮಣಿಪಾಲದ ಯಾವುದೋ ಕಚೇರಿಗೆ ಸೊಂಟಕ್ಕೆ ಆಸರೆ ಕೊಡುವ ಕುರ್ಚಿಗಳು ಬಂದವೆನ್ನಿ. ಮೌಸ್‌ಗಿಂತ ಭಾರದ್ದೇನನ್ನೂ ಎತ್ತದವರ ಬೆನ್ನುನೋವಿಗೆ ತರಿಸಿದ್ದು. ಲಿಫ್ಟಿನ ಬಾಗಿಲಲ್ಲಿ ‘ಸಾಮಾನು ಸಾಗಿಸುವಂತಿಲ್ಲ’ ಎಂಬ ಫಲಕ. ಹಾಗಾಗಿ ಆ ಕುರ್ಚಿಗಳು ಬಾಗಲಕೋಟೆಯಿಂದ ದುಡಿಯಲು ಬಂದ ಹುಡುಗನ ಬೆನ್ನೇರಿ ನಾಲ್ಕನೇ ಮಹಡಿ ಸೇರುತ್ತವೆ. ಕಾಪುವಿನಲ್ಲಿ ಮನೆ ಕಟ್ಟುವಲ್ಲಿ ಕೆಂಪುಕಲ್ಲು ಹೊರುವ ಹೆಂಗಸಿಗೆ ತಲೆ ಮೇಲಿನ ಸಿಂಬೆಯೇ ಸುರಕ್ಷತಾ ಸಾಧನ. ಅದಕ್ಕೂ ಹಳೇ ಸೀರೆ ಅವಳದ್ದೇ.

ಗಾಯವಾಗುವಷ್ಟು ಭಾರ ಹೊರಿಸಬಾರದೆಂದು 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು ಹೇಳಿತ್ತು. ಆದರೆ ಅಂಗಡಿ ಮುಂದೆ ನಿಂತ ಲಾರಿ ಕಾರ್ಖಾನೆ ಅಲ್ಲವಲ್ಲ! ದುಡಿಯುವವರ ಸುರಕ್ಷತೆ ಅಧ್ಯಯನ ಮಾಡುವ ಅಮೆರಿಕದ ನಯೋಶ್ ಸಂಸ್ಥೆ 1991ರ ಲೆಕ್ಕದಲ್ಲಿ, ಎಲ್ಲ ಅನುಕೂಲವಿದ್ದರೂ ಒಬ್ಬರು ಎತ್ತಲು 23 ಕಿಲೋ ಸಾಕು ಎಂದಿತು. ಬ್ರಿಟನ್ನಿನಲ್ಲಿ ಸಿಮೆಂಟ್ ಚೀಲ 25 ಕಿಲೋಗೆ ಇಳಿಯಿತು. ಅವರು ಚೀಲವನ್ನು ತಿದ್ದಿದರು, ನಾವು ಬೆನ್ನನ್ನು ತಿದ್ದುತ್ತಿದ್ದೇವೆ.

ಬೆನ್ನಿನ ಬದಲು ಹೊರುವ ಬಗೆಯನ್ನು ತಿದ್ದಬೇಕೆಂದು ಕಾರ್ಕಳದವರಿಗೆ ಹೊರಗಿನವರು ಹೇಳಿಕೊಡಬೇಕಾಗಿಯೇ ಇಲ್ಲ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟ ಬೆಟ್ಟ ಹತ್ತಿದ್ದು ಸಾಲು ಬಂಡಿಗಳ ಮೇಲೆ, ಇಳಿಜಾರು ದಾರಿಯಲ್ಲಿ ಎಂಬ ಪ್ರತೀತಿ ಇದೆ. ‘ಮೊಣಕಾಲು ಮಡಚಿ, ಬೆನ್ನು ನೇರ ಮಾಡಿ ಎತ್ತಿರಯ್ಯಾ’ ಎಂದು ಅರಸರು ಅಪ್ಪಣೆ ಕೊಟ್ಟದ್ದಂತೂ ಯಾವ ಐತಿಹ್ಯದಲ್ಲೂ ಕೇಳಿಲ್ಲ. ಗಾಲಿ ಬೇಕೆಂಬ ಬುದ್ಧಿ ಸುಮಾರು ಆರುನೂರು ವರ್ಷದ ಹಿಂದೆಯೇ ಬೆಟ್ಟ ಹತ್ತಿತ್ತು. ಪೇಟೆಗೆ ಇಳಿಯಲು ಮಾತ್ರ ಇನ್ನೂ ಪುರಸೊತ್ತಾಗಿಲ್ಲ. ಅಕ್ಕಿ ಮೂಟೆ ಈಗಲೂ ಲಾರಿಯಿಂದ ನೇರ ಬೆನ್ನಿಗೆ.

ಒಂದು ಕೈಗಾಡಿ, ಒಂದು ಹಲಗೆ ಇಟ್ಟರೆ ಆಗದೇ ಎಂದು ಯಾವುದೇ ಕಂಟ್ರಾಕ್ಟರರನ್ನು ಕೇಳಿ ನೋಡಿ.

“ಗಾಡಿ ಹಾಳಾದ್ರೆ ರಿಪೇರಿ ನಾನೇ ಮಾಡಿಸ್ಬೇಕಲ್ಲ ಮಾರಾಯ್ರೆ! ಇವ್ರಾದ್ರೆ ಅವರವರೇ ಮಾಡಿಸ್ಕೊಳ್ತಾರೆ.”