ನೀರು ದಾಟುವ ವಿದ್ಯೆ

ಬೆಂಗಳೂರಿನ ಜೀಪುಪ್ರಿಯರಿಗೆ ಭಾನುವಾರ ಬಂತೆಂದರೆ ಟಾರು ರಸ್ತೆ ಆಗಿಬರುವುದಿಲ್ಲ. ವಾರವಿಡೀ ಮನೆ ಮುಂದಿನ ಗುಂಡಿಗೆ ಶಾಪ ಹಾಕಿದವರೇ ಅದಕ್ಕಿಂತ ದೊಡ್ಡ ಗುಂಡಿ ಹುಡುಕಿಕೊಂಡು ಮೈಸೂರು ರಸ್ತೆ ಹಿಡಿಯುತ್ತಾರೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ಮುಗಿಸಿ, ಫಾರ್ಚುನರ್ ತಯಾರಾಗುವ ಆ ಊರಿನಿಂದ ಎಡಕ್ಕೆ ತಿರುಗಿದರೆ ಬೈರಮಂಗಲದ ಕಡೆಯ ಮಣ್ಣುದಾರಿಗಳು. ಹೊಸಬರಿಗೆ ಹೇಳಿ ಮಾಡಿಸಿದಂಥವು: ಎದೆ ನಡುಗಿಸುವ ಏರಿಲ್ಲ, ಬಂಡೆಯಿಲ್ಲ, ಅಲ್ಲಲ್ಲಿ ನೀರು ದಾಟಬೇಕು, ಅಷ್ಟೆ.

ಆದರೆ ಅದರ ಶಾಸ್ತ್ರ ದೊಡ್ಡದು. ಮೊದಲು ಇಳಿದು, ಕೋಲೂರಿ ನಡೆದು ಆಳ ನೋಡಬೇಕು. ಈಗಿನ ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿಲಿಮೀಟರ್, ಎಂದರೆ ಎರಡಡಿಗಿಂತ ಚೂರು ಹೆಚ್ಚು. ಕೆಳ ಗೇರಿನಲ್ಲಿ, ಕ್ಲಚ್ಚು ಮುಟ್ಟದೆ, ಒಂದೇ ಹದದಲ್ಲಿ ಸಾಗಬೇಕು. ನಡುನೀರಲ್ಲಿ ಎಂಜಿನ್ ನಿಂತರೆ ಮತ್ತೆ ಕೀಲಿ ತಿರುಗಿಸಕೂಡದು. ಪಿಸ್ಟನ್ನು ಗಾಳಿಯನ್ನು ಅದುಮೀತು, ನೀರನ್ನು ಅದುಮಲಾರದು. ಕನೆಕ್ಟಿಂಗ್ ರಾಡೇ ಬಾಗಿಹೋಗುತ್ತದೆ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಒಣಗಿಸಬೇಕು.

ನಾವು ಹೋದಾಗ ತೊಡಕಿದ್ದದ್ದು ಮೊದಲ ಸೂತ್ರದಲ್ಲೇ. ಇಳಿಯುವವರು ಯಾರು? ಬೈರಮಂಗಲದ ಕೆರೆಗೆ ಬರುವುದು ವೃಷಭಾವತಿ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ನಂಬಿಕೆ. ಬೆಂಗಳೂರಿನ ಬಚ್ಚಲುಗಳನ್ನೆಲ್ಲ ವಿಚಾರಿಸಿಕೊಂಡು ಇಲ್ಲಿಗೆ ಬರುವಷ್ಟರಲ್ಲಿ ಕಪ್ಪಾಗಿ, ತಲೆಗೆ ನೊರೆಯ ಪೇಟ ಸುತ್ತಿಕೊಂಡಿರುತ್ತಾಳೆ. ಸಿಗ್ನಲ್ಲಿನಲ್ಲಿ ಯಾರಿಗೂ ದಾರಿ ಬಿಡದ ನಮ್ಮ ವೀರರು ಮೂಗು ಮುಚ್ಚಿಕೊಂಡು, "ಹಿರಿಯರು ನೀವು, ಮೊದಲು ನೀವು ಇಳೀರಿ ಸಾರ್" ಎಂದು ಸೌಜನ್ಯದ ಮೂರ್ತಿಗಳಾದರು.

ಅಷ್ಟರಲ್ಲಿ ಹಿಂದೆ ಹಾರನ್ನು. ಸೀಮೆಹುಲ್ಲಿನ ಹೊರೆ ಹೊತ್ತ ಒಂದು ಟಿವಿಎಸ್ ಎಕ್ಸೆಲ್. ಸವಾರ ನಮ್ಮ ದಪ್ಪ ಟೈರು, ನೆತ್ತಿಯ ಮೇಲಿನ ದೀಪಗಳನ್ನು ನೋಡಿ, "ಯಾಕಣ್ಣ, ಗಾಡಿ ಕೆಟ್ಟೋಯ್ತಾ?" ಎಂದ.

"ಇಲ್ಲಪ್ಪ, ನೀರು ದಾಟೋದು ಕಲೀತಿದೀವಿ."

"ಇದ್ರಲ್ಲೇನಣ್ಣ ಕಲಿಯೋದು? ಎಲ್ಲಿಂದ ಬಂದ್ರಿ?"

"ಬೆಂಗಳೂರಿಂದ."

"ಓ, ಈ ನೀರೂ ಅಲ್ಲಿಂದ್ಲೇ ಬರೋದು" ಎಂದು ಎರಡೂ ಕಾಲೆತ್ತಿಕೊಂಡು ಸರ್ರನೆ ದಾಟಿಹೋದ.

ನಾವು ಅವನ ಜಾಡು ಹಿಡಿದು ದಾಟಿದೆವು. ನೀರು ನಮ್ಮ ಅರ್ಧ ಚಕ್ರಕ್ಕೂ ಬರಲಿಲ್ಲ. ವಿಡಿಯೊದಲ್ಲಿ ಮಾತ್ರ ಸಮುದ್ರಲಂಘನದಂತೆ ಬಂದಿದೆ.

ಹೋಗುವವರಿಗೆ ಎರಡು ಮಾತು. ಜೋರು ಮಳೆಯ ಮರುದಿನ ಆ ಕಡೆ ಹೋಗಬೇಡಿ. ರೈತರ ಬದು, ಹಿಪ್ಪುನೇರಳೆ ತೋಟ ತುಳಿಯಬೇಡಿ. ಮನೆಗೆ ಮರಳಿ ಗಾಡಿ ತೊಳೆಯುವಾಗ ಸೋಪಿನ ಪುಡಿ ಒಂದು ಚಮಚ ಕಡಿಮೆ ಹಾಕಿ. ಅದರ ನೊರೆಯೂ ಬೈರಮಂಗಲಕ್ಕೇ ಹೊರಡುತ್ತದೆ, ಮುಂದಿನ ಭಾನುವಾರದವರೆಗೂ ಕಾಯುವುದಿಲ್ಲ.