ಶ್ರವಣಾಧಿಕಾರಿಗಳ ಸನ್ನಿಧಿಗೆ ಒಂದು ಬಿನ್ನಹ

ಮಹಾಶಯರೆ,

ಪರರ ಮಾತನ್ನು ಮರೆಯಲ್ಲಿ ನಿಂತು ಕೇಳುವುದು ನಮ್ಮ ಹಿರಿಯರ ಎಣಿಕೆಯಲ್ಲಿ ನೀಚಕಾರ್ಯವೆನಿಸಿದ್ದರೂ, 1885ರ ತಂತಿ ಕಾಯಿದೆಯಿಂದ ಮೊದಲ್ಗೊಂಡು ಅದನ್ನು ಸರಕಾರದ ಗೌರವಾನ್ವಿತ ವೃತ್ತಿಯಾಗಿ ನಡೆಸಿಕೊಂಡು ಬಂದಿರುವ ತಮಗೆ, ವಾಚಾಳಿಯಾದ ಒಬ್ಬ ವೃದ್ಧನ ನಮಸ್ಕಾರಗಳು. ತಾವು ಕೇಳುವುದಕ್ಕೆ ನನ್ನ ಆಕ್ಷೇಪಣೆಯಿಲ್ಲ. ಕೇಳಿದ್ದನ್ನು ಮರೆಯುವ ಕ್ರಮದಲ್ಲಿ ಮಾತ್ರ ಒಂದು ಸಂಶಯವಿದೆ.

ದೂರವಾಣಿಯ ಸಂಭಾಷಣೆಯೂ ಮನುಷ್ಯನ ಖಾಸಗಿ ಬದುಕಿನ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಸಾರಿದ ತರುವಾಯ ರೂಪುಗೊಂಡ ನಿಯಮಗಳೂ, ಅವುಗಳ ಜಾಡಿನಲ್ಲಿಯೇ 2024ರ ಡಿಸೆಂಬರಿನಲ್ಲಿ ಹೊರಟ ಹೊಸ ನಿಯಮಗಳೂ, ಧ್ವನಿಮುದ್ರಿತವಾದ ಮಾತನ್ನೂ ಅದನ್ನು ಕೇಳಲು ಕೊಟ್ಟ ಆಜ್ಞಾಪತ್ರವನ್ನೂ ಆರು ತಿಂಗಳಿಗೊಮ್ಮೆ ನಾಶಪಡಿಸತಕ್ಕದ್ದೆಂದು ವಿಧಿಸಿವೆ. ಎಂಥ ದಾಕ್ಷಿಣ್ಯ! ನನ್ನ ಮಾತು ಬೂದಿಯಾಗುವ ಬೆಂಕಿಯಲ್ಲಿಯೇ ತಾವು ಕಿವಿಗೊಟ್ಟಿರೆಂಬುದರ ಸಾಕ್ಷಿಯೂ ಬೂದಿಯಾಗುವುದರಿಂದ, ನನ್ನ ಮಾನವೂ ಉಳಿಯಿತು, ತಮ್ಮದೂ ಉಳಿಯಿತು. ಈ ಸೌಕರ್ಯವು 1988ರಲ್ಲಿ ಇದ್ದಿದ್ದರೆ, ಕದ್ದಾಲಿಕೆಯ ಹಗರಣದಲ್ಲಿ ಮುಖ್ಯಮಂತ್ರಿ ಪದವಿಯನ್ನು ತೊರೆದ ರಾಮಕೃಷ್ಣ ಹೆಗಡೆಯವರ ಗತಿ ಬೇರೆಯಾಗುತ್ತಿತ್ತೋ ಏನೋ. ಕಾರ್ಯನಿರ್ವಹಣೆಗೆ ಬೇಕಾದಲ್ಲಿ, ಅಥವಾ ಬೇಕಾಗಬಹುದಾದಲ್ಲಿ, ಇಟ್ಟುಕೊಳ್ಳಬಹುದೆಂಬ ಒಂದು ಕಿರುಬಾಗಿಲೂ ಆ ನಿಯಮದಲ್ಲಿರುವುದನ್ನು ಕಂಡಿದ್ದೇನೆ. ಆನೆಯೂ ಆ ಬಾಗಿಲಲ್ಲಿ ಸರಾಗವಾಗಿ ನುಸುಳಬಲ್ಲುದು.

ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದ ನಮ್ಮ ಪೂರ್ವಿಕರಿಗೆ, ಒದ್ದೆಯ ಅರಿವೆಯೊಂದರಿಂದ ಎಲ್ಲವನ್ನೂ ಒರಸಿಬಿಡುವ ಅನುಕೂಲವಿದ್ದರೂ ಆ ಬುದ್ಧಿ ಬಾರದೆ ಹೋದುದರಿಂದ, ಶೃಂಗೇರಿ ಮಠದ ಕಡತಗಳು ಶತಮಾನಗಳನ್ನು ದಾಟಿ ಇಂದಿಗೂ ಓದಿಸಿಕೊಳ್ಳುತ್ತಿವೆ. ಪಾಪ, ಅವರಿಗೆ ಮುಚ್ಚಿಡುವುದು ಹೆಚ್ಚಿರಲಿಲ್ಲವೆಂದು ತೋರುತ್ತದೆ.

ತಮ್ಮ ಆಜ್ಞೆಗಳನ್ನು ಪರಾಮರ್ಶಿಸುವ ಸಮಿತಿಯು ಎರಡು ತಿಂಗಳಿಗೊಮ್ಮೆ ಕೂಡಿ, ಒಂದೊಂದು ಸಭೆಯಲ್ಲಿ ಹದಿನೈದರಿಂದ ಹದಿನೆಂಟು ಸಾವಿರ ಆಜ್ಞೆಗಳನ್ನು ನೋಡಬೇಕಾಗಿದೆಯೆಂದು ನ್ಯಾಯಮೂರ್ತಿ ಶ್ರೀಕೃಷ್ಣ ಸಮಿತಿಯು 2018ರಲ್ಲಿ ಬರೆಯಿತು. ಅಷ್ಟಾವಧಾನಿಗಳನ್ನು ಕಂಡು ಬೆರಗಾಗುತ್ತಿದ್ದ ನಾವು ಎಂಥ ಮುಗ್ಧರು!

ಮರೆವೇ ತಮ್ಮ ಇಲಾಖೆಯ ಸ್ವಭಾವವೆನ್ನೋಣವೆಂದರೆ, 2022ರ ಕಾಯಿದೆಯು ಬಂಧಿತನ ಬೆರಳಚ್ಚನ್ನೂ ಅಂಗೈಯನ್ನೂ ಕಣ್ಣಿನ ಪಾಪೆಯನ್ನೂ 75 ವರ್ಷ ಕಾಪಿಡಬೇಕೆನ್ನುತ್ತದೆ. ಖುಲಾಸೆಯಾದವನದನ್ನು ಅಳಿಸಬೇಕೆಂಬ ಮಾತೂ ಇದೆ, ನ್ಯಾಯಾಲಯ ಬೇಡವೆಂದರೆ ಅದೂ ಇಲ್ಲ. ಇತ್ತ, ಠಾಣೆಯೊಳಗೆ ನಡೆಯುವುದನ್ನು ನೋಡುವ ಕ್ಯಾಮೆರಾದ ಚಿತ್ರಗಳನ್ನು 18 ತಿಂಗಳು ಉಳಿಸಿಡಿರೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿತು. ಕೆಟ್ಟು ನಿಂತ ಕ್ಯಾಮೆರಾಗಳ ವಿಚಾರವನ್ನು 2025ರಲ್ಲಿ ತಾನಾಗಿಯೇ ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು. ನಮ್ಮ ಹೆಬ್ಬೆಟ್ಟು ಮೊಮ್ಮಕ್ಕಳ ಕಾಲಕ್ಕೂ ಬಾಳುವ ಕಟ್ಟಡದಲ್ಲಿ ತಮ್ಮ ಕೈಯ ಗುರುತು ಒಂದು ಸಂಕ್ರಾಂತಿಯಿಂದ ಇನ್ನೊಂದಕ್ಕೂ ನಿಲ್ಲದು.

ಆದುದರಿಂದ ನನ್ನದೊಂದೇ ಪ್ರಾರ್ಥನೆ. ನನ್ನ ಮಾತುಗಳನ್ನು ಕೇಳಿದ್ದುಂಟಾದರೆ, ಅಳಿಸಿದ ದಿನ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕೇಳಿದೆವು, ಇಂದು ಅಳಿಸಿದೆವು ಎಂದು ಒಂದು ಕಾರ್ಡು ಬರೆದು ಹಾಕುವ ಕೃಪೆಮಾಡಬೇಕು. ನನ್ನ ವಿಳಾಸವನ್ನು ಇಲ್ಲಿ ಬರೆದಿಲ್ಲ. ಹುಡುಕುವ ಶ್ರಮ ತಮಗೇನೂ ಆಗಲಾರದು.

ಇಂತು ತಮ್ಮ ವಿಧೇಯ,
ಒಬ್ಬ ಚಂದಾದಾರ